ಹೆಸರು ಹಾಜರಿಯಲ್ಲಿದೆ, ಮಗು ಎಲ್ಲಿ?

ಶಾಲೆಗೆ ಸೇರಿದ ಪ್ರತಿ ಮಗುವೂ ದಿನವೂ ಬರಬೇಕು, ತರಗತಿಯಲ್ಲಿ ಏನಾದರೂ ಕಲಿತು ಮನೆಗೆ ಹೋಗಬೇಕು, ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂರಬೇಕು, ಆಟದ ಪೀರಿಯಡ್ಡಿಗೆ ಎಲ್ಲರ ಜೊತೆ ಅಂಗಳಕ್ಕಿಳಿಯಬೇಕು. ಈ ನಾಲ್ಕೂ ನಡೆಯುವ ವ್ಯವಸ್ಥೆಗೆ ಶಿಕ್ಷಣ ಇಲಾಖೆ ಇಟ್ಟಿರುವ ಹೆಸರು ಸಮನ್ವಯ ಶಿಕ್ಷಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯ ಬಾಗಿಲು ತೆರೆಯಿತು. ಜನನ ಪ್ರಮಾಣಪತ್ರ ಇಲ್ಲವೆಂದು, ವರ್ಗಾವಣೆ ಪತ್ರ (ಟಿ.ಸಿ.) ತಡವಾಯಿತೆಂದು, ತಡವಾಗಿ ಬಂದರೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ. ದಾಖಲಾತಿಯ ಮಟ್ಟಿಗೆ ಕೆಲಸ ಬಹುಪಾಲು ಆಗಿದೆ. ಒಳಗೆ ಬಂದ ಮೇಲಿನ ಕೆಲಸ ಉಳಿದಿದೆ, ಅದರಲ್ಲಿ ಹೆಚ್ಚಿನದಕ್ಕೆ ಹಣಕ್ಕಿಂತ ಗಮನ ಬೇಕು.

ಬೀರೂರು ಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಕಡೂರು ತಾಲ್ಲೂಕು ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಡೂರು ಮತ್ತು ಬೀರೂರು ಎಂದು ಎರಡು ವಲಯಗಳಿವೆ. ಬೀರೂರು ಪುರಸಭೆಯ ಪೇಟೆ. ಶಿವಮೊಗ್ಗದ ರೈಲು ಕವಲೊಡೆಯುವ ಜಂಕ್ಷನ್, ತೆಂಗು ಅಡಿಕೆಯ ವ್ಯಾಪಾರ ಇಲ್ಲಿದೆ. ಪೇಟೆ ದಾಟಿದರೆ ಮಳೆ ನೆಚ್ಚಿದ ಹೊಲ, ಅಮೃತಮಹಲ್ ಕಾವಲು, ಲಂಬಾಣಿ ತಾಂಡಾ, ಗೊಲ್ಲರಹಟ್ಟಿ. ಪಕ್ಕದ ತರೀಕೆರೆಯಲ್ಲೂ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲೂ ಹೆಚ್ಚುಕಡಿಮೆ ಇದೇ ನೋಟ. ಒಂದೇ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಗು, ಉರ್ದು ಆಡುವ ಮಗು, ಕನ್ನಡ ಆಡುವ ಮಗು ಕೂತಿರುತ್ತವೆ. ಒಬ್ಬರ ಅಪ್ಪ ಮಂಡಿಯಲ್ಲಿ ಹಮಾಲಿ, ಇನ್ನೊಬ್ಬರ ಮನೆಯವರು ಡಿಸೆಂಬರಿನಲ್ಲಿ ಕಾಫಿ ತೋಟಕ್ಕೆ ಹೊರಡುವವರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಬೆಂಚು, ಒಂದೇ ಗಂಟೆ ಕೊಟ್ಟರೆ ಸಮಾನತೆ ಬಂತು ಎನ್ನುವ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ಹಾಜರಿ ಪುಸ್ತಕ ಏನು ಹೇಳುತ್ತದೆ

ಯಾವ ಮಗು ಹೊರಗುಳಿಯುತ್ತಿದೆ ಎಂದು ತಿಳಿಯಲು ಸಮೀಕ್ಷೆ ಬೇಡ, ಹಾಜರಿ ಪುಸ್ತಕ ಸಾಕು. ಸಾಮಾನ್ಯವಾಗಿ ಅದನ್ನು ಅಡ್ಡಕ್ಕೆ ಕೂಡಿಸಿ ತಿಂಗಳ ಶೇಕಡಾವಾರು ತೆಗೆದು ಮುಚ್ಚಿಡುತ್ತಾರೆ. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಹರಡಿಕೊಂಡು ಗೈರಿನ ಗುರುತುಗಳನ್ನಷ್ಟೇ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ವಾರಕ್ಕೊಮ್ಮೆ, ಅದೂ ಸಂತೆಯ ದಿನವೇ ತಪ್ಪಿಸುವ ಹುಡುಗನ ಮನೆಯವರು ಸಂತೆಯಲ್ಲಿ ತರಕಾರಿಗೆ ಕೂರುವವರಿರಬಹುದು, ಚಿಕ್ಕ ತಂಗಿಯನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿರಬಹುದು. ಏಳನೇ ತರಗತಿಯ ಹುಡುಗಿಯ ಹೆಸರಿನ ಮುಂದೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಸಾಲಾಗಿ ಗೈರು ಬಿದ್ದಿದ್ದರೆ ಕಾರಣ ಶಾಲೆಯ ಶೌಚಾಲಯವೋ ಹಟ್ಟಿಯ ಕಟ್ಟಳೆಯೋ ಇರಬೇಕು. ಆಗಸ್ಟ್ ಸೆಪ್ಟೆಂಬರಿನಲ್ಲಿ ಗೈರು ಏರಿದರೆ ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲ. ದೀಪಾವಳಿಯ ಆಸುಪಾಸಿನಲ್ಲಿ ಬೆಳಿಗ್ಗೆ ಬಂದು ತೂಕಡಿಸುವ ಮಕ್ಕಳ ಮನೆಯಲ್ಲಿ ರಾತ್ರಿ ಅಡಿಕೆ ಸುಲಿತ ನಡೆದಿರುತ್ತದೆ. ಸೋಮವಾರ ಮಾತ್ರ ತಪ್ಪದೆ ಬಂದು ಗುರುವಾರದ ಹೊತ್ತಿಗೆ ಕಾಣೆಯಾಗುವ ಮಗುವಿಗೆ ಪಾಠವೇ ಹತ್ತುತ್ತಿಲ್ಲ ಎಂದು ಊಹಿಸಬಹುದು. ಒಂದೊಂದು ಗೈರಿಗೂ ಒಂದೊಂದು ಮದ್ದು. ‘ದಿನಾ ಬರಬೇಕು ಕಣೋ’ ಎಂಬ ಗದರಿಕೆ ಇವುಗಳಲ್ಲಿ ಯಾವುದಕ್ಕೂ ನಾಟುವುದಿಲ್ಲ.

ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ರಾಜ್ಯದಲ್ಲಿ ನಿಯಮ ಬಿಗಿಯಾಯಿತು. ಮಗು ಸತತ ಏಳು ದಿನ ಕಾರಣ ತಿಳಿಸದೆ ಗೈರಾದರೆ ಶಾಲೆ ಸುಮ್ಮನಿರುವಂತಿಲ್ಲ, ಮನೆಗೆ ಹೋಗಿ ವಿಚಾರಿಸಬೇಕು, ಮೇಲಿನವರಿಗೆ ತಿಳಿಸಬೇಕು. ನಿಯಮ ಏಳು ದಿನ ಎಂದರೂ ಮೂರನೇ ದಿನವೇ ಫೋನು ಮಾಡುವ, ಪಕ್ಕದ ಮನೆಯ ಮಗುವಿನ ಕೈಲಿ ಹೇಳಿ ಕಳಿಸುವ ಶಾಲೆಗಳಲ್ಲಿ ಮಕ್ಕಳು ಬೇಗ ಮರಳುತ್ತಾರೆ. ಹೀಗೆ ವಿಚಾರಿಸುವಾಗ ಮೊದಲ ಮಾತು ‘ಯಾಕೆ ಬರಲಿಲ್ಲ’ ಎಂದಾದರೆ ಮನೆಯವರು ಬಾಗಿಲಲ್ಲೇ ಸುಳ್ಳು ಹೇಳಿ ಕಳಿಸುತ್ತಾರೆ. ‘ಮಗು ಹುಷಾರಾಗಿದೆಯಾ’ ಎಂದು ಶುರು ಮಾಡಿದರೆ ನಿಜವಾದ ಕಾರಣ ಹೊರಬರುತ್ತದೆ.

ಗುಳೆ ಹೋಗುವ ಮನೆಯ ಮಕ್ಕಳು

ಕಡೂರು, ತರೀಕೆರೆಯ ಬಯಲು ಸೀಮೆಗೆ ಮಳೆ ಕೈಕೊಟ್ಟ ವರ್ಷ ತಾಂಡಾಗಳಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. ಕಾಫಿ ಕೊಯ್ಲು ನವೆಂಬರಿನಲ್ಲಿ ಅರೇಬಿಕಾದಿಂದ ಶುರುವಾಗಿ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಪರೀಕ್ಷೆಯ ಕಾಲವೂ ಅದೇ. ಈ ಮಕ್ಕಳಿಗೆ ಎರಡು ದಾರಿಗಳಿವೆ.

ಮೊದಲನೆಯದು, ಮಗುವನ್ನು ಊರಲ್ಲೇ ಉಳಿಸಿಕೊಳ್ಳುವುದು. ಅಪ್ಪ ಅಮ್ಮ ದುಡಿಯಲು ಹೋದ ತಿಂಗಳುಗಳಲ್ಲಿ ಮಕ್ಕಳಿಗೆ ಊಟ ವಸತಿ ಕೊಡುವ ಋತುಮಾನದ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಆದರೆ ಅದು ಕೇಳಿದ ದಿನವೇ ಸಿಗುವಂಥದ್ದಲ್ಲ. ಎಷ್ಟು ಮನೆ ಹೊರಡುತ್ತವೆ, ಎಷ್ಟು ಮಕ್ಕಳು ಎಂಬ ಪಟ್ಟಿಯನ್ನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಮುಂಚಿತವಾಗಿ ತಲುಪಿಸಬೇಕು. ದಸರಾ ರಜೆಗೆ ಮುಂಚೆಯೇ ತಾಂಡಾದ ಹಿರಿಯರೊಡನೆ ಕೂತು ಈ ಪಟ್ಟಿ ಮಾಡುವುದು ಒಳ್ಳೆಯದು. ಮೇಸ್ತ್ರಿ ಮುಂಗಡ ಹಣ ಹಂಚುವ ಹೊತ್ತಿಗೆ ಯಾರು ಹೊರಡುತ್ತಾರೆಂದು ತಾಂಡಾಕ್ಕೆಲ್ಲ ಗೊತ್ತಿರುತ್ತದೆ. ಹಾಸ್ಟೆಲ್ ಸಿಗದಿದ್ದರೆ ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಒಪ್ಪಿಸಬಹುದು, ಆಗ ಸಂಜೆ ಆ ಮಕ್ಕಳ ಮೇಲೆ ಒಬ್ಬರ ಕಣ್ಣಿರಬೇಕು.

ಎರಡನೆಯದು, ಮಗು ಹೋದಲ್ಲಿಯೇ ಶಾಲೆ ಸೇರುವುದು. ಮೂಡಿಗೆರೆ, ಕೊಪ್ಪದ ತೋಟದ ಹತ್ತಿರದ ಸರ್ಕಾರಿ ಶಾಲೆ ಟಿ.ಸಿ. ಇಲ್ಲವೆಂದು ನಿರಾಕರಿಸುವಂತಿಲ್ಲ, ಕಾಯ್ದೆಯ 5ನೇ ಪ್ರಕರಣ ಅದನ್ನು ತಡೆಯುತ್ತದೆ. ಇಲ್ಲಿಯ ಮುಖ್ಯಶಿಕ್ಷಕರು ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಯಾವ ಪಾಠದವರೆಗೆ ಆಗಿದೆ ಎಂದು ನಾಲ್ಕು ಸಾಲು ಸೇರಿಸಿ, ತಮ್ಮ ಮೊಬೈಲ್ ಸಂಖ್ಯೆ ಹಾಕಿ ತಾಯಿಯ ಕೈಗೆ ಕೊಟ್ಟರೆ ಅಲ್ಲಿಯ ಶಿಕ್ಷಕರಿಗೆ ಅರ್ಧ ಕೆಲಸ ಮುಗಿದಂತೆ. ಮರಳಿ ಬಂದ ಮಗುವನ್ನು ಅದೇ ವಯಸ್ಸಿನವರ ತರಗತಿಗೇ ಸೇರಿಸಿ, ಬಿಟ್ಟುಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂದು 4ನೇ ಪ್ರಕರಣ ಹೇಳುತ್ತದೆ. ಕೆಳಗಿನ ತರಗತಿಗೆ ತಳ್ಳಿದರೆ ಮಗು ನಾಚಿಕೆಯಿಂದಲೇ ಶಾಲೆ ಬಿಡುತ್ತದೆ.

ಭಾಷೆಯದು ಇದಕ್ಕೆ ಅಂಟಿಕೊಂಡ ವಿಷಯ. ತಾಂಡಾದಿಂದ ಒಂದನೇ ತರಗತಿಗೆ ಬಂದ ಮಗು ಅಮ್ಮನನ್ನು ಯಾಡಿ ಎನ್ನುತ್ತದೆ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಟೀಚರು ಏನು ಹೇಳಿದರೂ ಸುಮ್ಮನೆ ನೋಡುವ ಆ ಮಗುವನ್ನು ಮಂದ ಎಂದು ಬರೆದುಕೊಂಡರೆ ಮುಂದಿನ ಐದು ವರ್ಷ ಆ ಹಣೆಪಟ್ಟಿ ಹೋಗುವುದಿಲ್ಲ. ನಿತ್ಯದ ಐವತ್ತು ಲಂಬಾಣಿ ಮಾತು ಕಲಿಯಲು ಶಿಕ್ಷಕರಿಗೆ ಒಂದು ತಿಂಗಳು ಸಾಕು, ಕಲಿಸಲು ನಾಲ್ಕನೇ ತರಗತಿಯ ತಾಂಡಾದ ಮಕ್ಕಳು ತುದಿಗಾಲಲ್ಲಿರುತ್ತಾರೆ. ಮೊದಲ ಕೆಲವು ತಿಂಗಳು ಮಗು ತನ್ನ ಮಾತಿನಲ್ಲೇ ಉತ್ತರಿಸಲಿ, ಶಿಕ್ಷಕರು ಅದನ್ನು ಕನ್ನಡದಲ್ಲಿ ತಿರುಗಿ ಹೇಳಲಿ. ತಿದ್ದುವುದು ಆಮೇಲೆ. ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಬರುವ ಮಕ್ಕಳದೂ ಇಂಥದೇ ಪಾಡು. ಅವರಿಗೆ ವಿಜ್ಞಾನ, ಸಮಾಜದ ಪಾರಿಭಾಷಿಕ ಪದಗಳ ಎರಡು ಭಾಷೆಯ ಪಟ್ಟಿಯನ್ನು ಜೂನ್‌ನಲ್ಲೇ ಮಾಡಿಕೊಟ್ಟರೆ ಹತ್ತನೇ ತರಗತಿಯವರೆಗೂ ನೆರವಾಗುತ್ತದೆ.

ವಿಶೇಷ ಅಗತ್ಯವುಳ್ಳ ಮಕ್ಕಳು

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಣ್ಣು, ಕಿವಿ, ಕೈಕಾಲಿನ ಜೊತೆಗೆ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಹಿಮೋಫಿಲಿಯಾಗಳೂ ಪಟ್ಟಿಯಲ್ಲಿವೆ. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕು ಮಗುವಿಗಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಮಗುವಿನದೇ. ‘ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ, ಅಲ್ಲಿಗೆ ಹಾಕಿ’ ಎಂದು ಮುಖ್ಯಶಿಕ್ಷಕರು ಹೇಳುವ ಮಾತಿಗೆ ಕಾನೂನಿನ ಬೆಂಬಲವಿಲ್ಲ.

ಎದ್ದು ಕಾಣುವ ವೈಕಲ್ಯವನ್ನು ಊರೇ ಗುರುತಿಸುತ್ತದೆ. ಕಾಣದ್ದನ್ನು ಗುರುತಿಸಬೇಕಾದವರು ಶಿಕ್ಷಕರು. ಹಲಗೆಯದನ್ನು ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗುವಿಗೆ ದೂರದ್ದು ಕಾಣುತ್ತಿಲ್ಲ. ಹೆಸರು ಕರೆದರೆ ತಿರುಗದೆ, ಮುಖ ಎದುರಿಗಿದ್ದಾಗ ಮಾತ್ರ ಉತ್ತರಿಸುವ ಮಗುವಿನ ಕಿವಿ ಪರೀಕ್ಷಿಸಬೇಕು. ಬಾಯಲ್ಲಿ ಲೆಕ್ಕ ಸರಿಯಾಗಿ ಹೇಳಿ ಬರೆಯುವಾಗ ಅಂಕಿ ಅದಲುಬದಲು ಮಾಡುವ ಮಗುವನ್ನು ಸೋಮಾರಿ ಎನ್ನುವ ಮುನ್ನ ಯೋಚಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯ ತಂಡ ಶಾಲೆಗೆ ಬಂದ ದಿನ ಇಂಥ ಮಕ್ಕಳ ಹೆಸರು ಬರೆದ ಹಾಳೆ ಶಿಕ್ಷಕರ ಕೈಯಲ್ಲಿ ಸಿದ್ಧವಿದ್ದರೆ ತಪಾಸಣೆ ಸಾರ್ಥಕ. ಇಲ್ಲವಾದರೆ ನೂರು ಮಕ್ಕಳ ಸಾಲಿನಲ್ಲಿ ಅವರೂ ದಾಟಿ ಹೋಗುತ್ತಾರೆ. ಅಂದು ಗೈರಾದವರು ಯಾರೆಂದೂ ನೋಡಬೇಕು. ವಿಚಿತ್ರವೆಂದರೆ ತಪಾಸಣೆ ಹೆಚ್ಚು ಬೇಕಾದ ಮಕ್ಕಳೇ ಆ ದಿನ ತಪ್ಪಿಸಿರುತ್ತಾರೆ.

ಮುಂದಿನ ಹೆಜ್ಜೆ ವಲಯದ ವಿಶೇಷ ಸಂಪನ್ಮೂಲ ಶಿಕ್ಷಕರದು, ಕಚೇರಿಯ ಮಾತಿನಲ್ಲಿ ಬಿಐಇಆರ್‌ಟಿ. ಅವರು ಕೂರುವುದು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ. ವೈದ್ಯಕೀಯ ಶಿಬಿರ, ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್ ಪುಸ್ತಕ, ಮಗುವನ್ನು ಕರೆತರುವವರ ಭತ್ಯೆ, ಪ್ರಯಾಣ ಭತ್ಯೆ, ಹೆಣ್ಣುಮಕ್ಕಳ ಪ್ರೋತ್ಸಾಹಧನ ಇವೆಲ್ಲಕ್ಕೂ ಅಲ್ಲಿಂದಲೇ ದಾರಿ. ಶಾಲೆಗೆ ಬರಲಾಗದಷ್ಟು ತೀವ್ರ ವೈಕಲ್ಯದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಆ ಮಗುವನ್ನು ವಾರಕ್ಕೊಮ್ಮೆಯಾದರೂ, ಪ್ರತಿಭಾ ಕಾರಂಜಿಯ ದಿನವಾದರೂ ಶಾಲೆಗೆ ಕರೆತರುವ ಏರ್ಪಾಡು ಮಾಡಬೇಕು, ಅದು ಆ ಶಾಲೆಯದೇ ವಿದ್ಯಾರ್ಥಿ.

ಸೌಲಭ್ಯಗಳಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕಾಗುತ್ತದೆ. ಆನ್‌ಲೈನ್ ಅರ್ಜಿಯ ನಂತರ ವೈದ್ಯರ ತಪಾಸಣೆ. ಬೀರೂರಿನಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋದಂತೆ. ಎರಡು ಸಲ ವಾಪಸು ಕಳಿಸಿದರೆ ಮೂರನೇ ಸಲ ಹೋಗುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪೇಟೆಯಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಿ, ದಿನ ಗೊತ್ತುಮಾಡಿ, ಜೊತೆಯಲ್ಲೂ ಹೋಗುವುದುಂಟು. ಅವರ ಫೋನ್ ಸಂಖ್ಯೆ ಶಾಲೆಯ ಗೋಡೆಯ ಮೇಲೆ ಇರಬೇಕು.

ಇಳಿಜಾರು ದಾರಿಯ ಬಗ್ಗೆ ಒಂದು ಮಾತು. ಬಹಳಷ್ಟು ಶಾಲೆಗಳಲ್ಲಿ ರ್‍ಯಾಂಪ್ ಇದೆ. ಅದರ ಮೇಲೆ ಮಕ್ಕಳು ಜಾರುಬಂಡೆ ಆಡುತ್ತಾರೆ ಎಂದರೆ ಅದು ಗಾಲಿಕುರ್ಚಿಗೆ ಆಗುವಂಥದ್ದಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ಲೆಕ್ಕ. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ರ್‍ಯಾಂಪ್ ಹದಿನೆಂಟು ಅಡಿ ಉದ್ದ ಬರಬೇಕು, ನಾಲ್ಕಡಿ ಅಗಲ, ಎರಡೂ ಬದಿಗೆ ಹಿಡಿಕೆ, ಮೇಲೆ ಕೆಳಗೆ ಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ. ಗಾರೆಯವರು ಅಂಗಳದ ಜಾಗ ಉಳಿಸಲು ಆರಡಿಯಲ್ಲಿ ಮುಗಿಸಿಬಿಡುತ್ತಾರೆ, ಬಿಲ್ಲು ಮಾತ್ರ ಪೂರ್ತಿ. ಕೆಲಸ ನಡೆಯುವಾಗಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಟೇಪು ಹಿಡಿದು ಅಳೆಯಬೇಕು. ಶೌಚಾಲಯದ ಬಾಗಿಲು ಮೂರಡಿ ಅಗಲವಿರಬೇಕು, ಒಳಗೆ ಹಿಡಿಕೆ ಬೇಕು. ರ್‍ಯಾಂಪ್ ಹತ್ತಿಸಿ ಶೌಚಾಲಯಕ್ಕೆ ಮೂರು ಮೆಟ್ಟಿಲು ಇಟ್ಟರೆ ಆ ಮಗು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಕೂರುತ್ತದೆ. ಕಟ್ಟಡ ಸರಿಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಡೆಯಲಾಗದ ಮಗುವಿನ ತರಗತಿಯನ್ನು ಮೆಟ್ಟಿಲಿಲ್ಲದ ಕೋಣೆಗೆ ಬದಲಿಸಲು ಒಂದು ಪೀರಿಯಡ್ ಸಾಕು.

ಎಸ್ಸೆಸ್ಸೆಲ್ಸಿಯಲ್ಲಿ ಈ ಮಕ್ಕಳಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯ ಮುಂತಾದ ವಿನಾಯಿತಿಗಳಿವೆ. ಪರೀಕ್ಷೆಯ ಹಿಂದಿನ ವಾರ ಓಡಾಡಿದರೆ ಸಿಗದು, ನೋಂದಣಿಯ ಹೊತ್ತಿಗೇ ಪ್ರಮಾಣಪತ್ರದೊಡನೆ ಅರ್ಜಿ ಹೋಗಬೇಕು. ಬರಹಗಾರ ಕೆಳ ತರಗತಿಯ ವಿದ್ಯಾರ್ಥಿಯಾಗಿರುತ್ತಾನೆ. ಹೇಳಿ ಬರೆಸುವುದೂ ಅಭ್ಯಾಸದಿಂದ ಬರುವ ವಿದ್ಯೆ, ಹಾಗಾಗಿ ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಜೋಡಿ ಕೂರಿಸಬೇಕು.

ಪಂಕ್ತಿ, ಬೆಂಚು, ಪೊರಕೆ

ಭೇದ ಎನ್ನುವುದು ಈಗ ಬೋರ್ಡು ಹಾಕಿಕೊಂಡು ಬರುವುದಿಲ್ಲ. ಬಿಸಿಯೂಟದ ಪಂಕ್ತಿಯಲ್ಲಿ ಮಕ್ಕಳು ಕೇರಿವಾರು ಗುಂಪಾಗಿ ಕೂತಿರುತ್ತಾರೆ. ಅಡುಗೆಯವರು ಬದಲಾದ ವಾರದಿಂದ ನಾಲ್ಕು ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ. ಶೌಚಾಲಯ ತೊಳೆಯುವ ಸರದಿ ಕೆಲವರಿಗೇ ಬರುತ್ತದೆ, ಸ್ವಾತಂತ್ರ್ಯ ದಿನದ ಭಾಷಣ ಇನ್ನು ಕೆಲವರಿಗೇ. ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ ಹೆಸರು ಕೂಗಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಾರೆ. ಕೇಳಿದರೆ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎನ್ನುತ್ತಾರೆ, ಹೇಳುವವರು ನಿಜವಾಗಿ ನಂಬಿಯೂ ಇರುತ್ತಾರೆ.

ಇದಕ್ಕೆ ಉಪನ್ಯಾಸಕ್ಕಿಂತ ಸರದಿ ಪಟ್ಟಿ ವಾಸಿ. ಊಟಕ್ಕೆ ಹಾಜರಿ ಸಂಖ್ಯೆಯ ಪ್ರಕಾರ ಕೂರಿಸುವುದು, ಬೆಂಚಿನ ಜಾಗ ವಾರಕ್ಕೊಮ್ಮೆ ಬದಲಿಸುವುದು, ಪ್ರಾರ್ಥನೆ ಹೇಳಿಸುವುದು, ಪೇಪರ್ ಓದಿಸುವುದು, ಬಡಿಸುವುದು, ಗುಡಿಸುವುದು ಎಲ್ಲಕ್ಕೂ ಗೋಡೆಯ ಮೇಲೆ ಒಂದೇ ಪಟ್ಟಿ, ಗಂಡುಹುಡುಗರ ಹೆಸರೂ ಗುಡಿಸುವ ಸಾಲಿನಲ್ಲಿ. ಶಿಕ್ಷಕರು ಅದೇ ಅಡುಗೆಯನ್ನು ಅದೇ ಪಂಕ್ತಿಯ ತುದಿಯಲ್ಲಿ ಕೂತು ಉಂಡರೆ ಮನೆಯಿಂದ ಬರುವ ಡಬ್ಬಿಗಳು ತಾವಾಗಿ ಕಡಿಮೆಯಾಗುತ್ತವೆ. ಮೊಟ್ಟೆ ತಿನ್ನುವವರು, ಬಾಳೆಹಣ್ಣು ಕೇಳುವವರು ಎಂದು ಎರಡು ಸಾಲು ಮಾಡಬೇಕಾಗಿಲ್ಲ, ಕೂತಲ್ಲಿಗೇ ಬೇಕಾದ್ದನ್ನು ಕೊಡಬಹುದು. ಹೊಡೆಯುವುದು, ಹೀಯಾಳಿಸುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿದೆ. ಜಾತಿ, ತಾಂಡಾ, ಕುಂಟುಗಾಲು ಎತ್ತಿ ಆಡುವ ಅಡ್ಡಹೆಸರು ಹೀಯಾಳಿಕೆಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಶೌಚಾಲಯ ಕಟ್ಟುವುದರಿಂದ ಮುಗಿಯದು. ಚಿಲಕ, ನೀರು, ಮುಚ್ಚಳವಿರುವ ಕಸದ ಬುಟ್ಟಿ ಇವಿಲ್ಲದೆ ಅದು ಇದ್ದೂ ಇಲ್ಲದಂತೆ. ಶುಚಿ ಯೋಜನೆಯ ಪ್ಯಾಡು ಬಂದಾಗ ಹಂಚಿ ಮುಗಿಸದೆ ಒಂದು ಪೊಟ್ಟಣವನ್ನು ಶಿಕ್ಷಕಿಯ ಬೀರುವಿನಲ್ಲಿ ಸದಾ ಇಟ್ಟಿರಬೇಕು. ಮುಟ್ಟಿನ ದಿನಗಳಲ್ಲಿ ಹುಡುಗಿಯರನ್ನು ಹೊರಗಿಡುವ ಹಟ್ಟಿಗಳಲ್ಲಿ ಶಾಲೆ ನೇರವಾಗಿ ವಾದಕ್ಕಿಳಿದರೆ ಹುಡುಗಿಯನ್ನೇ ಬಿಡಿಸಿಬಿಡುವ ಭಯವಿದೆ. ಆಶಾ ಕಾರ್ಯಕರ್ತೆ, ಓದಿದ ಹಿರಿಯ ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ‘ಆ ದಿನಗಳಲ್ಲೂ ಶಾಲೆಗೆ ಮಾತ್ರ ಕಳಿಸಿ’ ಎಂಬ ಒಂದೇ ಬೇಡಿಕೆಯಿಂದ ಶುರು ಮಾಡುವುದು ಜಾಣತನ. ಹತ್ತಿರ ಹೈಸ್ಕೂಲು ಇಲ್ಲದ ಊರಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿ ಬೀರೂರು, ಕಡೂರಿಗೆ ಬರಬೇಕು. 2023ರ ಜೂನ್ 11ರಿಂದ ಸಾರಿಗೆ ನಿಗಮದ ಬಸ್ಸಿನಲ್ಲಿ ಆಕೆಗೆ ಪ್ರಯಾಣ ಉಚಿತ, ಆದರೆ ಖಾಸಗಿ ಬಸ್ಸು ಮಾತ್ರ ಓಡುವ ಊರಿನವರಿಗೆ ಆ ಯೋಜನೆ ಇದ್ದರೂ ಇಲ್ಲ. ಶಾಲೆಯ ವೇಳೆಗೆ ಒಂದು ಸರ್ಕಾರಿ ಬಸ್ಸು ಬಿಡಿ ಎಂಬ ಅರ್ಜಿ, ಮಕ್ಕಳ ಹೆಸರು ಊರು ಸಮೇತ, ಡಿಪೋ ವ್ಯವಸ್ಥಾಪಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ (ಬಿಇಒ) ಹೋಗಬೇಕು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಹುಡುಗಿಯ ಮದುವೆಯ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಒಂದೇ ತರಗತಿ, ಹಲವು ಮಟ್ಟ

ಐದನೇ ತರಗತಿಯಲ್ಲಿ ಕತೆ ಓದುವವರೂ ಅಕ್ಷರ ಕೂಡಿಸುವವರೂ ಒಟ್ಟಿಗಿರುತ್ತಾರೆ. ಇದಕ್ಕೆ ಕರ್ನಾಟಕದಲ್ಲೇ ಹುಟ್ಟಿದ ಉತ್ತರವೊಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಗು ಮೆಟ್ಟಿಲು ಮೆಟ್ಟಿಲಾಗಿ ತನ್ನ ವೇಗದಲ್ಲಿ ಸಾಗುತ್ತದೆ, ಹತ್ತು ದಿನ ತಪ್ಪಿಸಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗುಳೆಯ ಸೀಮೆಗೆ ಇದಕ್ಕಿಂತ ಒಪ್ಪುವ ಕ್ರಮ ಸಿಗುವುದು ಕಷ್ಟ. ಅದು ಮೂರನೇ ತರಗತಿಗೆ ನಿಂತುಹೋಗುತ್ತದೆ, ನಾಲ್ಕರಿಂದ ಮತ್ತೆ ಎಲ್ಲರಿಗೂ ಒಂದೇ ಪಾಠ. ಮೇಲಿನ ತರಗತಿಗಳಲ್ಲೂ ದಿನಕ್ಕೊಂದು ಗಂಟೆ ತರಗತಿಯ ಗೋಡೆ ಮರೆತು ಓದಿನ ಮಟ್ಟದ ಮೇಲೆ ಗುಂಪು ಮಾಡಬಹುದು. ಗುಂಪುಗಳಿಗೆ ಹೂವಿನದೋ ಹಕ್ಕಿಯದೋ ಹೆಸರಿರಲಿ, ಜಾಣರು ದಡ್ಡರು ಬೇಡ, ಆರು ವಾರಕ್ಕೊಮ್ಮೆ ಬದಲಾಗಲಿ.

ಎಸ್‌ಡಿಎಂಸಿ, ಪಂಚಾಯಿತಿ, ದೂರು

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು, ದುರ್ಬಲ ವರ್ಗದವರಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ. ಕಾಗದದ ಮೇಲೆ ಇದು ಸರಿಯಾಗೇ ಇರುತ್ತದೆ. ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಕೂಲಿಯ ತಾಯಂದಿರು ಬರಲಾರರು, ರುಜು ಮಾತ್ರ ಆಮೇಲೆ ಬರುತ್ತದೆ. ಸಂಜೆ, ಅದೂ ಮೂರು ತಿಂಗಳಿಗೊಮ್ಮೆ ತಾಂಡಾದಲ್ಲೋ ಹಟ್ಟಿಯಲ್ಲೋ ಸಭೆ ಇಟ್ಟುಕೊಂಡರೆ ಶಾಲೆಯಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ.

ಹಣದ ಕೆಲಸಕ್ಕೆ ಗ್ರಾಮ ಪಂಚಾಯಿತಿ ಅನುದಾನದಲ್ಲಿ ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇ 5ರ ಪಾಲಿದೆ. ರ್‍ಯಾಂಪ್, ಶೌಚಾಲಯದ ಹಿಡಿಕೆಯನ್ನು ಅದರಲ್ಲಿ ಕೇಳಬಹುದು. ಕೇಳುವ ಜಾಗ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆ. ಅಲ್ಲಿ ಮಗುವೇ ಎದ್ದು ಕೇಳಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಡವಳಿ ಪುಸ್ತಕದಲ್ಲಿ ಬರೆದುಕೊಂಡರೆ ಮುಂದಿನ ವರ್ಷ ಅದೇ ಪುಸ್ತಕ ತೆರೆದು ವಿಚಾರಿಸಲು ಬರುತ್ತದೆ.

ಇದೇ ಕಾಯ್ದೆಯಡಿ ಸಿಗುವ ಖಾಸಗಿ ಶಾಲೆಯ ಶೇ 25 ಸೀಟಿನ ಬಗ್ಗೆ ಪೋಷಕರು ಇನ್ನೂ ಕೇಳುತ್ತಾರೆ. 2019-20ರಿಂದ ರಾಜ್ಯದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಅದು ಸಿಗುತ್ತದೆ.

ಮಗುವಿಗೆ ಪ್ರವೇಶ ನಿರಾಕರಿಸಿದರೆ, ಹೊಡೆದರೆ, ಭೇದ ಮಾಡಿದರೆ ಮೊದಲು ಮುಖ್ಯಶಿಕ್ಷಕರಿಗೆ, ಆಮೇಲೆ ಸಿಆರ್‌ಪಿ, ಬಿಇಒಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ದಿನಾಂಕ, ಏನಾಯಿತು, ಯಾವ ತರಗತಿ ಎಂಬಷ್ಟು ಸಾಕು, ಸ್ವೀಕೃತಿಯ ಮೊಹರು ಮರೆಯಬಾರದು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರ ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವೈಕಲ್ಯಕ್ಕೆ ಸಂಬಂಧಿಸಿದ ದೂರನ್ನು ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೂ ಅಂಚೆಯಲ್ಲಿ ಕಳಿಸಬಹುದು, ವಕೀಲರ ಅಗತ್ಯವಿಲ್ಲ.